ಗುಂಡಿನ ದಾಳಿ ನಡೆದಾಗ ಗಸ್ತು ಪೊಲೀಸರು ವಿಶೇಷ ದಳ ಬರೋವರೆಗೆ ಕಾಯುತ್ತಾರಾ?
ಈಗ ಕಾಯುವ ಹಾಗಿಲ್ಲ. ಅಮೆರಿಕದಲ್ಲಿ ಮೊದಲು ಕಾಯುತ್ತಿದ್ದರು. ಗಸ್ತಿನವರು ಕಟ್ಟಡ ಸುತ್ತುವರಿದು ನಿಲ್ಲಬೇಕು, ಒಳಗೆ ನುಗ್ಗುವುದು ಸ್ವಾಟ್ ಎಂಬ ವಿಶೇಷ ದಳದ ಕೆಲಸ. 1999ರ ಕೊಲಂಬೈನ್ ಶಾಲೆಯ ದಾಳಿ ಆ ಪದ್ಧತಿಯನ್ನೇ ಬದಲಿಸಿತು. ದಳ ಬಂದು ಸೇರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ, ಅಲ್ವಾ? ಹಾಗಾಗಿ ಈಗ ಮೊದಲು ಬಂದವರೇ ಗುಂಡಿನ ಸದ್ದು ಹಿಡಿದು ಒಳಗೆ ಹೋಗಬೇಕು. ದಾರಿಯಲ್ಲಿ ಗಾಯಾಳು ಕೈಚಾಚಿ ಕರೆದರೂ ದಾಟಿಕೊಂಡು ಹೋಗಬೇಕು. ಕೇಳೋಕೆ ಕಠೋರ, ಆದರೆ ಗುಂಡು ಹಾರಿಸುವವನನ್ನು ಮೊದಲು ತಡೆಯದಿದ್ದರೆ ಗಾಯಾಳುಗಳು ಹೆಚ್ಚುತ್ತಲೇ ಇರುತ್ತಾರೆ.

ಗುಂಡು ನಿಂತು, ಅವನು ಒತ್ತೆಯಾಳುಗಳ ಜೊತೆ ಬಾಗಿಲು ಹಾಕಿಕೊಂಡರೆ ಲೆಕ್ಕ ಬೇರೆ. ಆಗ ಆತುರ ಮಾಡುವುದಿಲ್ಲ. ಸ್ವಾಟ್ ಮತ್ತು ಮಾತುಕತೆ ನಡೆಸುವವರು ಬರುತ್ತಾರೆ. ಈ ಎರಡನ್ನು ಅದಲುಬದಲು ಮಾಡಿಕೊಂಡದ್ದು 2022ರಲ್ಲಿ ಟೆಕ್ಸಾಸ್‌ನ ಯುವಾಲ್ಡಿಯ ಶಾಲೆಯ ದಾಳಿಯಲ್ಲಿ. ತರಗತಿಯ ಹೊರಗೆ ಪೊಲೀಸರು 70 ನಿಮಿಷಕ್ಕೂ ಜಾಸ್ತಿ ಹೊತ್ತು ನಿಂತೇ ಇದ್ದರು.