ಹಳೆಯ ಮೋಟರ್‌ಹೋಮ್ ಕೊಂಡಿದ್ದೀರಿ, ಸರಿ. ನೀರು ಮತ್ತು ಗ್ಯಾಸಿನ ಕಥೆ ಇಷ್ಟು

ನಿಮ್ಮ ಪತ್ರದಲ್ಲಿ ಪ್ರಶ್ನೆ ಒಂದೇ ಇರುವಂತೆ ಕಂಡರೂ ಒಳಗೆ ನಾಲ್ಕೈದು ಸೇರಿಕೊಂಡಿವೆ. ಮಿನಿಯಾಪೊಲಿಸ್‌ಗೆ ಬಂದು ವರ್ಷ ತುಂಬುವ ಮೊದಲೇ, ಈ ಮಾರ್ಚ್‌ನಲ್ಲಿ, 1993ರ ಮೋಟರ್‌ಹೋಮ್ ಒಂದನ್ನು, ಅಂದರೆ ಒಲೆ, ಹಾಸಿಗೆ, ಕಮೋಡು ಎಲ್ಲ ಇರುವ ಮನೆಯಂಥ ವಾಹನವನ್ನು, ಅಗ್ಗಕ್ಕೆ ಕೊಂಡಿದ್ದೀರಿ. ಜೂನ್‌ನಲ್ಲಿ ಶಿವಮೊಗ್ಗದಿಂದ ಬರುವ ಅಪ್ಪ ಅಮ್ಮನನ್ನು ಅದರಲ್ಲೇ ವಾಷಿಂಗ್ಟನ್ ಡಿಸಿವರೆಗೆ ಕರೆದೊಯ್ಯಬೇಕೆಂದಿದ್ದೀರಿ. ಆದರೆ ಪಂಪು ರಾತ್ರಿಯೆಲ್ಲ ಆಗಾಗ ಗುರ್ ಎನ್ನುತ್ತದೆ, ಬಿಸಿನೀರಿನ ನಲ್ಲಿಯಲ್ಲಿ ಉಗುರುಬೆಚ್ಚಗಿನ ನೀರು, ಗ್ಯಾಸ್ ಉರಿಸಿ ಬಿಸಿಗಾಳಿ ಊದಬೇಕಾದ ಫರ್ನೇಸ್‌ನಿಂದ ತಣ್ಣನೆಯ ಗಾಳಿ. ಸಾಲದ್ದಕ್ಕೆ, ಮೂವತ್ತು ವರ್ಷದ ಗ್ಯಾಸ್ ಟ್ಯಾಂಕನ್ನು ಮೊದಲು ಕಿತ್ತೆಸೆಯಿರಿ ಎಂದು ಸಹೋದ್ಯೋಗಿಯೊಬ್ಬರು ಹೆದರಿಸಿದ್ದಾರೆ. ಇದಕ್ಕೆಲ್ಲ ಇಲ್ಲಿ ಯಾರನ್ನು ಕರೆಯಬೇಕು ಎಂದು ಕೇಳುತ್ತೀರಿ.

ಸದ್ಯಕ್ಕೆ ಯಾರನ್ನೂ ಕರೆಯಬೇಡಿ. ಊರಿನಲ್ಲಿ ಪ್ಲಂಬರ್ ಬಂದು ನೋಡಿ, ಕಾಫಿ ಕುಡಿದು, ನಾಳೆ ಸಾಮಾನು ತರುತ್ತೇನೆ ಎಂದು ಹೋಗುತ್ತಾನೆ. ಇಲ್ಲಿ ಬಂದು ನೋಡಿದ್ದಕ್ಕೇ ಬಿಲ್ ಆಗುತ್ತದೆ, ಗಂಟೆಗೆ ನೂರು ಡಾಲರ್ ಸುಲಭವಾಗಿ ದಾಟುತ್ತದೆ. ವಸಂತ ಬಂತೆಂದರೆ ಸರ್ವಿಸ್ ಅಂಗಡಿಗಳಲ್ಲಿ ಸರದಿ ವಾರಗಟ್ಟಲೆ. ಈ ದೇಶದಲ್ಲಿ ನೆಲೆಯೂರುವುದೆಂದರೆ ಒಂದು ಮಟ್ಟಿಗೆ ಸ್ಪ್ಯಾನರ್ ಹಿಡಿಯಲು ಕಲಿಯುವುದು. ನೀರಿನ ಕೆಲಸವನ್ನು ಧೈರ್ಯವಾಗಿ ನೀವೇ ಮಾಡಿ. ಗ್ಯಾಸಿನಲ್ಲಿ ನೋಡುವುದು, ಕೇಳುವುದು, ಸೋಪು ಹಚ್ಚುವುದು ನಿಮಗೆ. ಬಿಚ್ಚುವುದು ಪರವಾನಗಿ ಇರುವವರಿಗೆ.

ಪಂಪಿನಿಂದ ಶುರು ಮಾಡೋಣ. ಅದು 12 ವೋಲ್ಟಿನ ಡಯಾಫ್ರಾಮ್ ಪಂಪು. ಪೈಪಿನಲ್ಲಿ ಒತ್ತಡ ಇಳಿದಾಗ ತಾನೇ ಓಡುತ್ತದೆ, ಚದರ ಇಂಚಿಗೆ ಸುಮಾರು 45 ರಿಂದ 55 ಪೌಂಡ್ ತಲುಪಿದಾಗ ತಾನೇ ನಿಲ್ಲುತ್ತದೆ. ಯಾರೂ ನಲ್ಲಿ ತಿರುಗಿಸದಿದ್ದರೂ ಎರಡು ಕ್ಷಣ ಗುರುಗುಟ್ಟಿತೆಂದರೆ ಒತ್ತಡ ಎಲ್ಲೋ ಸೋರಿಹೋಗುತ್ತಿದೆ. ನೆಲ ಒದ್ದೆಯಾಗಿಲ್ಲ ಎಂದು ಸಮಾಧಾನಪಡಬೇಡಿ. ಮೊದಲ ಅನುಮಾನ ಕಮೋಡಿನ ಮೇಲೆ: ಅದರ ಪೆಡಲ್ ವಾಲ್ವ್ ಸವೆದಿದ್ದರೆ ನೀರು ಸದ್ದಿಲ್ಲದೆ ಬೋಗುಣಿಗೆ ಇಳಿಯುತ್ತಿರುತ್ತದೆ. ರಾತ್ರಿ ಬೋಗುಣಿಯನ್ನು ಖಾಲಿ ಮಾಡಿ ಮಲಗಿ, ಬೆಳಿಗ್ಗೆ ನೋಡಿ. ಆಮೇಲೆ ಹೊರಗಡೆಯ ಶವರ್, ಒತ್ತಡ ಹೆಚ್ಚಾದರೆ ನೀರು ಹೊರಬಿಡುವ ಗೀಸರಿನ ರಿಲೀಫ್ ವಾಲ್ವ್, ಸಿಂಕಿನ ಕೆಳಗಿನ ಜೋಡಣೆಗಳು. ಪ್ರತಿ ಜೋಡಣೆಯ ಅಡಿಯಲ್ಲೂ ಒಣಗಿದ ಟಿಶ್ಯೂ ಕಾಗದ ಹಾಸಿಡಿ. ಬೆರಳಿಗೆ ಸಿಗದ ಒಂದು ಹನಿಯೂ ಕಾಗದದ ಮೇಲೆ ಗುರುತು ಬಿಟ್ಟಿರುತ್ತದೆ.

ಎಲ್ಲವೂ ಒಣಗಿದ್ದರೆ ತಪ್ಪು ಪಂಪಿನದೇ. ಅದರೊಳಗಿನ ಚೆಕ್ ವಾಲ್ವ್ ಬಿಗಿಯಾಗಿ ಮುಚ್ಚದೆ ನೀರು ಹಿಂದಕ್ಕೆ ಟ್ಯಾಂಕಿಗೆ ಜಾರುತ್ತಿದೆ. ಖಚಿತಪಡಿಸಿಕೊಳ್ಳಲು ಪಂಪ್ ಆರಿಸಿ, ಹೊರಗಿನ ನಲ್ಲಿಗೆ ಪೈಪ್ ಜೋಡಿಸಿ. ಒಳಗಿನ ಟ್ಯಾಂಕ್ ತಾನಾಗಿ ತುಂಬುತ್ತಾ ಹೋದರೆ ರೋಗ ಪತ್ತೆಯಾಯಿತು. ಪಂಪಿನ ತಲೆಭಾಗವನ್ನು ಬದಲಿಸಬಹುದು, ಇಲ್ಲವೇ ಪಂಪಿನ ಮುಂದೆ ಹಿತ್ತಾಳೆಯದೊಂದು ಚೆಕ್ ವಾಲ್ವ್ ಕೂರಿಸಬಹುದು. ನಲ್ಲಿ ಕೆಮ್ಮುತ್ತಾ ಗಾಳಿ ಉಗುಳಿದರೆ ಅದು ಬೇರೆ ವಿಷಯ: ಪಂಪು ನೀರೆಳೆಯುವ ಬದಿಯಲ್ಲಿ, ಹೆಚ್ಚಾಗಿ ಜಾಲರಿ ಇರುವ ಸಣ್ಣ ಬಟ್ಟಲಿನ ಮುಚ್ಚಳ ಸಡಿಲವಾಗಿರುತ್ತದೆ.

ಪೈಪುಗಳ ಬಣ್ಣ ನೋಡಿದಿರಾ? 1978ರಿಂದ 1995ರವರೆಗೆ ಇಲ್ಲಿ ಪಾಲಿಬ್ಯುಟಿಲೀನ್ ಎಂಬ ಬೂದು ಪೈಪು ಧಾರಾಳವಾಗಿ ಬಳಕೆಯಲ್ಲಿತ್ತು. ನೀರಿನಲ್ಲಿರುವ ಕ್ಲೋರಿನ್ ಅದನ್ನೂ ಅದರ ಪ್ಲಾಸ್ಟಿಕ್ ಜೋಡಣೆಗಳನ್ನೂ ಕ್ರಮೇಣ ತಿಂದುಹಾಕುತ್ತದೆ. ನಿಮ್ಮ ವಾಹನದ ವಯಸ್ಸು ನೋಡಿದರೆ ಅದೇ ಇರುವ ಸಾಧ್ಯತೆ ಹೆಚ್ಚು. ಒಡೆಯುವವರೆಗೂ ಇರಲಿ, ಒಡೆದ ಭಾಗವನ್ನು ಪೆಕ್ಸ್ ಎಂಬ ಪ್ಲಾಸ್ಟಿಕ್ ಪೈಪಿಗೆ ಬದಲಿಸುತ್ತಾ ಹೋಗಿ. ಕೆಲವು ಕ್ಯಾಂಪ್‌ಗ್ರೌಂಡ್‌ಗಳ ನಲ್ಲಿಯಲ್ಲಿ ಒತ್ತಡ 100 ಪೌಂಡ್ ದಾಟುವುದುಂಟು. ಆದ್ದರಿಂದ 40ರಿಂದ 45ಕ್ಕೆ ತಗ್ಗಿಸುವ ಹಿತ್ತಾಳೆಯ ರೆಗ್ಯುಲೇಟರ್ ಇಲ್ಲದೆ ಎಲ್ಲಿಯೂ ಪೈಪ್ ಜೋಡಿಸಬೇಡಿ.

ಇನ್ನು ಉಗುರುಬೆಚ್ಚಗಿನ ನೀರು. ಮಾರ್ಚ್‌ನಲ್ಲಿ ಕೊಂಡಿರಿ ಎಂದಾಗಲೇ ನನಗೆ ಅನುಮಾನ ಬಂತು. ಮಿನೆಸೋಟಾದಲ್ಲಿ ಅಕ್ಟೋಬರ್ ಬಂದರೆ, ನೀರು ಹೆಪ್ಪುಗಟ್ಟಿ ಒಡೆಯದಿರಲಿ ಎಂದು, ಪೈಪುಗಳಿಗೆ ಗುಲಾಬಿ ಬಣ್ಣದ ಪ್ರೊಪಿಲೀನ್ ಗ್ಲೈಕಾಲ್ ದ್ರವ ತುಂಬಿಸಿಡುತ್ತಾರೆ. ಅದು ಗೀಸರಿಗೆ ಹೋಗಿ ವ್ಯರ್ಥವಾಗದಿರಲಿ ಎಂದು ಗೀಸರಿನ ಹಿಂದಿರುವ, ನೀರನ್ನು ಅದರ ಒಳಗೆ ಬಿಡದೆ ಪಕ್ಕದಿಂದ ಹಾಯಿಸುವ ಬೈಪಾಸ್ ವಾಲ್ವ್‌ಗಳನ್ನು ತಿರುಗಿಸಿರುತ್ತಾರೆ. ಮಾರಿದವರು ಅವನ್ನು ಅರ್ಧ ತಿರುಗಿಸಿ ಬಿಟ್ಟಿದ್ದರೆ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗುತ್ತದೆ. ಹೊರಗಡೆಯ ಶವರಿನ ಎರಡೂ ನಲ್ಲಿ ತೆರೆದಿದ್ದು, ಅದರ ಕೈಹಿಡಿಯ ಬಳಿ ಮಾತ್ರ ಮುಚ್ಚಿದ್ದರೂ ಇದೇ ಆಗುತ್ತದೆ. ಬೈಪಾಸ್ ಪೂರ್ತಿ ತಿರುಗಿದ್ದರೆ ಮಾತ್ರ ಅಪಾಯ: ನಲ್ಲಿಯಲ್ಲಿ ನೀರು ಬರುತ್ತಿರುತ್ತದೆ, ಗೀಸರ್ ಬರಿದಾಗಿರುತ್ತದೆ. ಆಗ ವಿದ್ಯುತ್ ಸ್ವಿಚ್ ಹಾಕಿದರೆ ಒಳಗಿನ ಕಾಯಿಲ್ ಸುಟ್ಟುಹೋಗುತ್ತದೆ. ಹಾಗಾಗಿ ಹಚ್ಚುವ ಮೊದಲು, ಇನ್ನೂ ತಣ್ಣಗಿರುವಾಗ, ರಿಲೀಫ್ ವಾಲ್ವಿನ ಸಣ್ಣ ಹಿಡಿಕೆಯನ್ನು ಎತ್ತಿ ನೋಡಿ. ನೀರು ಚಿಮ್ಮಿದರೆ ತುಂಬಿದೆ ಎಂದರ್ಥ. ಸಬರ್ಬನ್ ಕಂಪನಿಯ ಗೀಸರ್ ಆಗಿದ್ದರೆ ಕೆಳಗಿನ ಬಿರಡೆಯೊಂದಿಗೇ ಆನೋಡ್ ಸರಳು ಹೊರಬರುತ್ತದೆ. ಟ್ಯಾಂಕಿನ ಬದಲು ತಾನು ಸವೆಯುವುದೇ ಅದರ ಕೆಲಸ. ಮುಕ್ಕಾಲು ಭಾಗ ಸವೆದಿದ್ದರೆ ಹೊಸದನ್ನು ಹಾಕಿ. ಅಟ್‌ವುಡ್ ಗೀಸರಿನ ಅಲ್ಯೂಮಿನಿಯಂ ಟ್ಯಾಂಕಿಗೆ ಇದು ಬೇಡ.

ಫರ್ನೇಸ್ ವಿಷಯದಲ್ಲಿ ಕಿವಿಯೇ ಉಪಕರಣ. ಥರ್ಮೋಸ್ಟಾಟ್ ಏರಿಸಿ ಪಕ್ಕದಲ್ಲಿ ಕುಳಿತು ಕೇಳಿ. ಮೊದಲು ಫ್ಯಾನ್ ಏಳುತ್ತದೆ. ಹದಿನೈದಿಪ್ಪತ್ತು ಸೆಕೆಂಡಿನ ನಂತರ ಟಿಕ್ ಟಿಕ್ ಎಂದು ಕಿಡಿ, ಅದರ ಬೆನ್ನಿಗೇ ಬೆಂಕಿ ಹತ್ತಿದ ಭುಸ್ ಸದ್ದು. ಟಿಕ್ ಟಿಕ್ ಕೇಳಿಯೂ ಬೆಂಕಿ ಹತ್ತದಿದ್ದರೆ ಗ್ಯಾಸ್ ಬರುತ್ತಿಲ್ಲ. ನೀವು ಬರೆದಂತೆ ಫ್ಯಾನ್ ಮಾತ್ರ ತಿರುಗಿ ಕಿಡಿಯೇ ಇಲ್ಲವಾದರೆ ಗ್ಯಾಸನ್ನು ದೂರುವ ಮೊದಲು ಬ್ಯಾಟರಿ ನೋಡಿ. ಗಾಳಿಯ ರಭಸಕ್ಕೆ ವಾಲುವ ತೆಳು ತಗಡೊಂದು ಒಳಗಿದೆ, ಸೇಲ್ ಸ್ವಿಚ್ ಎನ್ನುತ್ತಾರೆ. ಗಾಳಿ ಸಾಕಷ್ಟಿದೆ ಎಂದು ಅದು ಒಪ್ಪದೆ ಕಿಡಿ ಹಾರುವುದಿಲ್ಲ. ಬ್ಯಾಟರಿ ಸೊರಗಿದರೆ ಫ್ಯಾನ್ ತಿರುಗುತ್ತದೆ, ಆದರೆ ತಗಡನ್ನು ತಳ್ಳುವಷ್ಟು ಕಸುವು ಇರುವುದಿಲ್ಲ. ಅಗ್ಗದ ಮೀಟರೊಂದನ್ನು ಕೊಳ್ಳಿ: ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು, 12.1ಕ್ಕೆ ಇಳಿದಿದ್ದರೆ ಅರ್ಧ ಖಾಲಿಯಾಗಿದೆ. ಫ್ಯಾನ್ ಓಡುವಾಗ ಫರ್ನೇಸಿನ ತಂತಿಗಳಲ್ಲೇ ಅಳೆಯಿರಿ, ಏಕೆಂದರೆ ತುಕ್ಕು ಹಿಡಿದ ಒಂದು ಜೋಡಣೆಯೂ ದಾರಿಯಲ್ಲಿ ಅಷ್ಟಿಷ್ಟು ಕದಿಯುತ್ತದೆ.

ಈಗ ಟ್ಯಾಂಕ್. ನಿಮ್ಮ ಸಹೋದ್ಯೋಗಿ ಹೇಳಿದ್ದು ಟ್ರೇಲರ್‌ಗಳಲ್ಲಿರುವ ಬಿಡಿ ಸಿಲಿಂಡರ್‌ಗಳ ಮಾತು. ಅವಕ್ಕೆ ಅವಧಿ ಇದೆ, ಮುಗಿದ ಮೇಲೆ ಮರುಪರೀಕ್ಷೆ ಆಗದೆ ತುಂಬಿಸುವಂತಿಲ್ಲ. ಮೋಟರ್‌ಹೋಮಿನ ಚಾಸಿಗೆ ಕೂರಿಸಿರುವುದು ಎಎಸ್ಎಂಇ (ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ) ಮಾದರಿಯ ಟ್ಯಾಂಕ್. ಅದಕ್ಕೆ ಆ ಬಗೆಯ ಗಡುವು ಇಲ್ಲ. ತುಕ್ಕು ತಿಂದು ಗುಳಿ ಬಿದ್ದಿಲ್ಲ, ತಗಡಿನ ಮೇಲಿನ ಅಕ್ಷರ ಓದಲು ಬರುತ್ತದೆ ಎಂದರೆ ಎಸೆಯುವ ಮಾತೇ ಬೇಡ. ಹೆದರಬೇಕಾದದ್ದು ಟ್ಯಾಂಕಿಗಲ್ಲ, ಅದರ ಪಕ್ಕದ ರೆಗ್ಯುಲೇಟರ್ ಮತ್ತು ರಬ್ಬರ್ ಕೊಳವೆಗೆ. ಅವು ಮೂಲದಿಂದಲೂ ಇರುವಂಥವಾದರೆ ಪರಿಣತರಿಂದ ಬದಲಿ ಮಾಡಿಸಿ.

ಊರಿನ ಅಡುಗೆ ಅನಿಲದಲ್ಲಿ ಬ್ಯುಟೇನ್, ಪ್ರೊಪೇನ್ ಎರಡೂ ಬೆರೆತಿರುತ್ತವೆ. ಶುದ್ಧ ಬ್ಯುಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ನಿಮ್ಮ ಟ್ಯಾಂಕಿನಲ್ಲಿರುವ ಪ್ರೊಪೇನ್ ಕುದಿಯುವುದು ಮೈನಸ್ 42ರಲ್ಲಿ. ಮಿನೆಸೋಟಾದ ಚಳಿಯಲ್ಲೂ ಒಲೆ ಉರಿಯುವುದು ಅದಕ್ಕೇ. ಒಲೆಗೆ ಬರುವ ಒತ್ತಡ ಮಾತ್ರ ನಮ್ಮ ಮನೆಯದಕ್ಕೆ ಬಹಳ ಹತ್ತಿರ, 11 ಇಂಚು ನೀರಿನ ಕಂಬದಷ್ಟು. ಸೋಪಿನ ನೊರೆ ಹಚ್ಚಿ ಗುಳ್ಳೆ ನೋಡುವ ಅಮ್ಮಂದಿರ ಪರೀಕ್ಷೆ ಇಲ್ಲಿಯೂ ನಡೆಯುತ್ತದೆ, ಅಮೋನಿಯಾ ಇಲ್ಲದ ಸೋಪು ಬಳಸಿ. ಅಮೋನಿಯಾ ಹಿತ್ತಾಳೆಯನ್ನು ಕೆಡಿಸುತ್ತದೆ. ಟ್ಯಾಂಕಿನ ವಾಲ್ವನ್ನು ನಿಧಾನವಾಗಿ ತೆರೆಯಿರಿ. ಒಮ್ಮೆಲೇ ತಿರುಗಿಸಿದರೆ ಪೈಪ್ ಒಡೆದಿದೆ ಎಂದು ಭಾವಿಸಿ ಒಳಗಿನ ಸುರಕ್ಷಾ ವಾಲ್ವ್ ಬಿಗಿದುಕೊಳ್ಳುತ್ತದೆ, ಒಲೆಯ ಜ್ವಾಲೆ ಸಣ್ಣಗಾಗುತ್ತದೆ, ಜನ ಸುಮ್ಮನೆ ರೆಗ್ಯುಲೇಟರನ್ನು ಬೈಯುತ್ತಾರೆ. ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಮೆಲ್ಲಗೆ ತೆರೆದರೆ ಸರಿಹೋಗುತ್ತದೆ. ಬರಿದಾದ ಟ್ಯಾಂಕ್ ತುಂಬಿಸಿದ ಮೇಲೆ ಮೊದಲು ಒಲೆ ಹಚ್ಚಿ. ಪೈಪಿನ ಗಾಳಿ ಅಲ್ಲಿಂದ ಹೊರಹೋದರೆ ಗ್ಯಾಸಿನಲ್ಲೇ ಓಡುವ ಫ್ರಿಜ್, ಗೀಸರ್ ಸುಲಭವಾಗಿ ಹೊತ್ತುತ್ತವೆ. ಬರ್ನರ್ ನಳಿಕೆಯಲ್ಲಿ ಜೇಡರಬಲೆ ಕಟ್ಟುವುದು ಮಾಮೂಲಿ, ಮೆತ್ತನೆಯ ಬ್ರಷ್‌ನಿಂದ ತೆಗೆಯಿರಿ. ಗ್ಯಾಸ್ ಬರುವ ಸೂಕ್ಷ್ಮ ರಂಧ್ರಕ್ಕೆ ಮಾತ್ರ ಪಿನ್ನು, ತಂತಿ ಚುಚ್ಚಬೇಡಿ.

ಅಪ್ಪ ಅಮ್ಮ ಹತ್ತುವ ಮೊದಲು ಪರಿಣತರೊಬ್ಬರಿಂದ ಗ್ಯಾಸಿನ ಒತ್ತಡ ಅಳೆಯುವ ಮಾನೋಮೀಟರ್ ಪರೀಕ್ಷೆ ಮಾಡಿಸಿಬಿಡಿ. 8 ಇಂಚು ನೀರಿನ ಕಂಬದ ಒತ್ತಡದಲ್ಲಿ ಪೈಪುಗಳನ್ನು ಮುಚ್ಚಿಟ್ಟು ಮೂರು ನಿಮಿಷ ಕಾಯುತ್ತಾರೆ, ಒತ್ತಡ ಸ್ವಲ್ಪವೂ ಇಳಿಯಬಾರದು. ಈ ಒಂದು ಕೆಲಸಕ್ಕೆ ಎಷ್ಟು ಕೇಳಿದರೂ ಕೊಡಿ. ನೆಲದ ಹತ್ತಿರವಿರುವ ಗ್ಯಾಸ್ ಡಿಟೆಕ್ಟರ್ ಹಿಂಬದಿಯಲ್ಲಿ ತಯಾರಿಯ ದಿನಾಂಕ ಇರುತ್ತದೆ. ಅವುಗಳ ಆಯಸ್ಸು ಐದರಿಂದ ಏಳು ವರ್ಷ ಅಷ್ಟೆ. ವಯಸ್ಸಾದವರಿಗೆ ವಾಸನೆ ತಿಳಿಯುವುದು ಕಡಿಮೆಯಾಗಿರಬಹುದು, ಮೂಗನ್ನು ನಂಬಿ ಕೂರುವಂತಿಲ್ಲ. ಒಣಮೆಣಸಿನಕಾಯಿಯ ಒಗ್ಗರಣೆಗೆ ಹೊಗೆಯ ಅಲಾರಂ ಕಿರುಚುತ್ತದೆ, ಅಮ್ಮ ಬೆಚ್ಚಿ ಬೀಳುತ್ತಾರೆ, ನೀವು ಅದರ ಬ್ಯಾಟರಿ ಕೀಳಲು ಹೋಗುತ್ತೀರಿ. ಕೀಳಬೇಡಿ. ಛಾವಣಿಯ ಫ್ಯಾನ್ ಹಾಕಿ, ಕಿಟಕಿ ತೆರೆದು ಒಗ್ಗರಣೆ ಹಾಕಲಿ. ಚಳಿಗೆಂದು ಒಲೆ ಹಚ್ಚಿ ಮೈ ಕಾಯಿಸಿಕೊಳ್ಳುವುದು ಮಾತ್ರ ಬೇಡವೇ ಬೇಡ. ಒಲೆಯಿಂದ ಹೊಮ್ಮಬಹುದಾದ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ.

ವಾಷಿಂಗ್ಟನ್ನಿನಿಂದ ಉತ್ತರಕ್ಕೆ, ಫಿಲಡೆಲ್ಫಿಯಾ ಕಡೆ ಹೋಗುವ ಯೋಚನೆಯಿದ್ದರೆ ಇನ್ನೊಂದು ಮಾತು. ಬಾಲ್ಟಿಮೋರಿನ ಹಾರ್ಬರ್ ಸುರಂಗದಲ್ಲೂ ಫೋರ್ಟ್ ಮ್ಯಾಕ್‌ಹೆನ್ರಿ ಸುರಂಗದಲ್ಲೂ ಪ್ರೊಪೇನ್ ಟ್ಯಾಂಕ್ ಹೊತ್ತ ಮೋಟರ್‌ಹೋಮಿಗೆ ಪ್ರವೇಶವಿಲ್ಲ. ಹಿಂದೆ ಅಲ್ಲಿಯದೇ ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆ ದಾಟಿ ಹೋಗುತ್ತಿದ್ದರು, ಅದು 2024ರ ಮಾರ್ಚ್‌ನಲ್ಲಿ ಹಡಗು ಬಡಿದು ಕುಸಿಯಿತು. ಮೊಬೈಲಿನ ನಕ್ಷೆ ನಿಮ್ಮನ್ನು ಕಾರಿನವರೆಂದೇ ಭಾವಿಸಿ ನೇರ ಸುರಂಗಕ್ಕೆ ಕರೆದೊಯ್ಯುತ್ತದೆ. 695ನೇ ವರ್ತುಲ ರಸ್ತೆಯ ಪಶ್ಚಿಮ ಭಾಗ ಹಿಡಿದು ಸುತ್ತಿಕೊಂಡು ಹೋಗಿ.