ಎಸ್‌ವಿಎಫ್‌ನ್ಯಾಗ ಟಿಡಿಒ ಅಳಿಸಬ್ಯಾಡ್ರಿ, ಮೊದ್ಲ ರನ್‌ಟೆಸ್ಟ್ ಲೈನ್ ನೋಡ್ರಿ

ಬಸವಕಲ್ಯಾಣದ ತಮ್ಮಾ, ನೀ ಹಾಕಿದ್ ಲಾಗ್ ಪೂರಾ ಓದ್ದೆ. ಇಪಿಎಂ240 ಅನ್ನೋ ಲಾಜಿಕ್ ಚಿಪ್‌ಗೆ ಎಸ್‌ವಿಎಫ್ (ಜೆಟ್ಯಾಗ್ ಕನೆಕ್ಟರ್‌ನಿಂದ ಚಿಪ್‌ಗೆ ಬಿಟ್ ತಳ್ಳೋ ಹುಕುಂ ಇರೋ ಟೆಕ್ಸ್ಟ್ ಫೈಲ್) ಹೊಡಿವಾಗ ನಡುವ ಟಿಡಿಒ (ಚಿಪ್ ವಾಪಸ್ ಕೊಡೋ ಬಿಟ್) ಮಿಸ್‌ಮ್ಯಾಚ್ ಬಂತಂತ ಫೈಲ್ ನೋಟ್‌ಪ್ಯಾಡ್‌ನ್ಯಾಗ ತೆಗೆದು ಟಿಡಿಒ, ಮಾಸ್ಕ್ (ಯಾವ ಬಿಟ್ ಹೋಲಿಸಬೇಕು ಅನ್ನೋದು) ಎಲ್ಲಾ ಅಳಿಸಿ ಮತ್ತ ಓಡಿಸಿದಿ, ಈಗ ಪಾಸ್ ಆಯ್ತು ಅಂತ ಬರದಿ. ಪಾಸ್ ಆಗಿಲ್ಲೋ. ಟಿಡಿಒ ತೆಗೆದ್ರ ಚಿಪ್ ಏನ್ ಉತ್ತರ ಕೊಡ್ತದ ಅಂತ ಪ್ಲೇಯರ್ (ಫೈಲ್ ಓಡಿಸೋ ಪ್ರೋಗ್ರಾಂ) ನೋಡೋದೇ ಬಿಡ್ತದ, ಬಿಟ್ ತಳ್ಳಿ ಮುಗಿಸ್ತದ ಅಷ್ಟೇ. ಬೋರ್ಡ್ ಕಡಿಗಿನ ಕನೆಕ್ಟರ್ ಕಿತ್ತು ಅದೇ ಫೈಲ್ ಓಡಿಸಿ ನೋಡು, ಆವಾಗೂ ಪಾಸ್ ಅಂತನೇ ಬರ್ತದ. ನಾನೂ ಮೊದ್ಲ ಇದೇ ಮಾಡಿದ್ದೆ, ಅದಕ್ಕ ಇಷ್ಟ್ ಉದ್ದ ಬರೀಲಿಕತ್ತೀನಿ.

ನಿಂದು ಖರೇ ಪ್ರಾಬ್ಲಂ ರನ್‌ಟೆಸ್ಟ್‌ನ್ಯಾಗ, ಅಂದ್ರ ಇಷ್ಟ್ ಹೊತ್ತು ಕಾಯಿ ಅಂತ ಹೇಳೋ ಲೈನ್‌ನ್ಯಾಗ ಅದ. ಕ್ವಾರ್ಟಸ್‌ನ್ಯಾಗ (ಈ ಚಿಪ್‌ನ ಸಾಫ್ಟ್‌ವೇರ್) ಫೈಲ್ ಮಾಡುವಾಗ ಟಿಸಿಕೆ (ಜೆಟ್ಯಾಗ್ ಕ್ಲಾಕ್) 1 ಮೆಗಾಹರ್ಟ್ಸ್ ಕೊಟ್ಟೀದಿ, ಆಮ್ಯಾಲ ಜಲ್ದಿ ಆಗ್ಲಿ ಅಂತ ಫ್ರೀಕ್ವೆನ್ಸಿ ಲೈನ್ ತೆಗೆದು ಎಫ್‌ಟಿ2232ಎಚ್ ಯುಎಸ್‌ಬಿ ಅಡಾಪ್ಟರ್ ಮ್ಯಾಲ 10 ಮೆಗಾಹರ್ಟ್ಸ್‌ಗೆ ಓಡಿಸೀದಿ. ಎರೇಸ್ ಹುಕುಂ ಕೊಟ್ಟ ಮ್ಯಾಲ ಚಿಪ್‌ಗೆ ಕಾಯೋ ಟೈಮ್ ಬೇಕು, ಆ ಟೈಮ್ ಫೈಲ್‌ನ್ಯಾಗ ಸೆಕೆಂಡ್‌ನ್ಯಾಗ ಇಲ್ಲ, ಕ್ಲಾಕ್ ಲೆಕ್ಕದಾಗ ಅದ. 500000 ಟಿಸಿಕೆ ಅಂತ ಬರ್ದಿದ್ರ 1 ಮೆಗಾಹರ್ಟ್ಸ್‌ಗೆ ಅರ್ಧ ಸೆಕೆಂಡ್ ಆಗ್ತದ, 10ಕ್ಕ ಓಡಿಸಿದ್ರ ಬರೇ 50 ಮಿಲಿಸೆಕೆಂಡ್. ಎರೇಸ್ ಪೂರಾ ಆಗಂಗಿಲ್ಲ, ಅದರ ಮ್ಯಾಲೇ ಪ್ರೋಗ್ರಾಂ ಬೀಳ್ತದ. ಇದರ ಕೆಟ್ಟ ಗುಣ ಏನಂದ್ರ ಒಂದ್ ಚಿಪ್‌ನ್ಯಾಗ ವೆರಿಫೈ ಪಾಸ್ ಆಗ್ತದ, ಬಾಜೂದ್ರಾಗ ಫೇಲ್, ಮುಂಜಾನೆ ಪಾಸ್ ಆಗಿದ್ದು ಮಧ್ಯಾಹ್ನ ಫೇಲ್. ನಾ ಆವಾಗ ಸೋಲ್ಡರಿಂಗ್ ಮ್ಯಾಲ ಡೌಟ್ ಪಟ್ಟೆ, ಕ್ರಿಸ್ಟಲ್ ಬದಲಿ ಮಾಡ್ದೆ, ಹೈದರಾಬಾದ್ ಕೋಠಿಯಿಂದ ತಂದ ಚಿಪ್ಪೇ ಡುಪ್ಲಿಕೇಟ್ ಅಂತ ಅಂಗಡಿಯವ್ರ ಜೋಡಿ ಜಗಳಾನೂ ಆಯ್ತು, ಚಿಪ್ ಚಲೋನೇ ಇದ್ವು. ಫೈಲ್ ಮಾಡಿದ ಸ್ಪೀಡ್‌ಗಿಂತ ಕಡಿಮಿ ಓಡಿಸಿದ್ರ ತ್ರಾಸಿಲ್ಲ, ಕಾಯೋದು ಜಾಸ್ತಿ ಆಗ್ತದ ಅಷ್ಟೇ. ಜಾಸ್ತಿ ಮಾತ್ರ ಬ್ಯಾಡ. ಸ್ಪೀಡ್ ಬೇಕೇ ಬೇಕಂದ್ರ ಕ್ವಾರ್ಟಸ್‌ನ್ಯಾಗೇ 10 ಕೊಟ್ಟು ಹೊಸಾ ಫೈಲ್ ತೆಗಿ, ಕೈಲೆ ತಿದ್ದಬ್ಯಾಡ. ತಿದ್ದಲೇಬೇಕಂದ್ರ ರನ್‌ಟೆಸ್ಟ್ ಲೈನ್‌ನ್ಯಾಗ ಟಿಸಿಕೆ ಜೋಡಿ 0.5 ಸೆಕೆಂಡ್ ಅಂತ ಕನಿಷ್ಠ ಟೈಮೂ ಬರೀಲಿಕ್ಕ ಬರ್ತದ, ಆದ್ರ ಮೈಕ್ರೋಕಂಟ್ರೋಲರ್ ಮ್ಯಾಲ ಓಡೋ ಸಣ್ಣ ಪ್ಲೇಯರ್ ಎಷ್ಟೋ ಅದನ್ನ ಓದಂಗೇ ಇಲ್ಲ, ಫ್ರೀಕ್ವೆನ್ಸಿ ಲೈನೂ ಬಿಟ್ಟು ಹೋಗ್ತಾವ, ನಿನ್ನ ಪ್ಲೇಯರ್ ಏನ್ ಓದ್ತದ ಮೊದ್ಲ ನೋಡ್ಕೊ.

ಇನ್ನೊಂದು. ಫೋಟೋದಾಗ ಬೋರ್ಡ್ ಮ್ಯಾಲ ಎಕ್ಸ್‌ಸಿ9572ಎಕ್ಸ್‌ಎಲ್ ಅನ್ನೋ ಇನ್ನೊಂದ್ ಲಾಜಿಕ್ ಚಿಪ್ ಕೂಡ ಕಾಣ್ತದ. ಅದು ಅದೇ ಜೆಟ್ಯಾಗ್ ಚೈನ್‌ನ್ಯಾಗ (ಒಂದರ ಟಿಡಿಒ ಮುಂದಿನದರ ಬಿಟ್ ಒಳಗ ಹೋಗೋ ಪಿನ್ ಟಿಡಿಐಗೆ ಸೇರಿರ್ತದ) ಇದ್ರ ಒಂಟಿ ಚಿಪ್‌ಗೆ ಮಾಡಿದ ಎಸ್‌ವಿಎಫ್ ನಡಿಯಂಗೇ ಇಲ್ಲ. ಬೈಪಾಸ್‌ನ್ಯಾಗ ಇರೋ (ಬಂದ ಬಿಟ್ ಬರೇ ಮುಂದ ದಾಟಿಸೋ) ಚಿಪ್ ಡೇಟಾ ಸ್ಕ್ಯಾನ್‌ಗೆ 1 ಬಿಟ್ ಸೇರಿಸ್ತದ, ಇನ್‌ಸ್ಟ್ರಕ್ಷನ್ ಸ್ಕ್ಯಾನ್‌ಗೆ ತನ್ನ ರಿಜಿಸ್ಟರ್ ಎಷ್ಟ್ ಉದ್ದ ಅದ ಅಷ್ಟ್, ಇದಕ್ಕ 8, ಇಪಿಎಂ240ಕ್ಕ 10. ಈ ಹೆಚ್ಚಿನ ಬಿಟ್ ಎಸ್‌ವಿಎಫ್‌ನ್ಯಾಗ ಬೇರೆ ಲೈನ್‌ನ್ಯಾಗ ಹೇಳಬೇಕು: ಟಾರ್ಗೆಟ್‌ನಿಂದ (ನೀ ಹೊಡಿಯೋ ಚಿಪ್) ಟಿಡಿಒ ಕಡಿ ಇರೋ ಚಿಪ್‌ಗೆ ಎಚ್‌ಐಆರ್, ಎಚ್‌ಡಿಆರ್, ಟಿಡಿಐ ಕಡಿ ಇರೋದಕ್ಕ ಟಿಐಆರ್, ಟಿಡಿಆರ್. ಭಾಳ ಮಂದಿ ಇದನ್ನ ಉಲ್ಟಾ ಹಾಕ್ತಾರ. ಕ್ವಾರ್ಟಸ್ ಪ್ರೋಗ್ರಾಮರ್‌ನ್ಯಾಗ ಆ ಚಿಪ್ಪನ್ನ ಯೂಸರ್ ಡಿಫೈನ್ಡ್ ಡಿವೈಸ್ ಅಂತ ಸೇರಿಸಿ ಇನ್‌ಸ್ಟ್ರಕ್ಷನ್ ಉದ್ದ 8 ಕೊಟ್ರ ಫೈಲ್ ತಾನೇ ಸರಿ ಬರ್ತದ, ನಾ ಈಗ ಹಂಗೇ ಮಾಡ್ತೀನಿ. ಉದ್ದ ಅಂದಾಜಿನ ಮ್ಯಾಲ ಹಾಕಬ್ಯಾಡ, ಬಿಎಸ್‌ಡಿಎಲ್ (ಚಿಪ್‌ನ ಜೆಟ್ಯಾಗ್ ವಿವರ) ಫೈಲ್‌ನ್ಯಾಗ ಇನ್‌ಸ್ಟ್ರಕ್ಷನ್ ಲೆಂತ್ ಅಂತ ಬರ್ದಿರ್ತದ. ಏನೇ ಹೊಡಿಯೋಕಿಂತ ಮೊದ್ಲ ಎರಡೂ ಚಿಪ್ ಐಡಿಕೋಡ್ (ಗುರುತಿನ ನಂಬರ್) ಓದು, ಅದೇ ಸರಿ ಬರಲಿಲ್ಲಂದ್ರ ಮುಂದ ಹೋಗಬ್ಯಾಡ.

ಜ್ಯಾಮ್ ಫೈಲ್ (ಎಸ್‌ವಿಎಫ್‌ನಂಗೇ ಚಿಪ್ ಹೊಡಿಯೋ ಇನ್ನೊಂದ್ ನಮೂನಿ ಫೈಲ್) ಯಾಕ ಯಾರೂ ವಾಪ್ರಸಂಗಿಲ್ಲ ನನಗ ತಿಳಿಯಂಗಿಲ್ಲ. ಎಸ್‌ವಿಎಫ್ 1991ರಾಗ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಮತ್ತ ಟೆರಾಡೈನ್ ಕೂಡಿ ಮಾಡಿದ್ದು, ಅದ್ರಾಗ ಷರತ್ತೂ ಇಲ್ಲ ಲೂಪೂ ಇಲ್ಲ. ಜ್ಯಾಮ್‌ನ್ಯಾಗ ಎರಡೂ ಅವ, ಕಾಯೋ ಟೈಮೂ ಮೈಕ್ರೋಸೆಕೆಂಡ್‌ನ್ಯಾಗ ಬರೀಬಹುದು. ಕ್ವಾರ್ಟಸ್ ಅದನ್ನೂ ಕೊಡ್ತದ, ಪ್ಲೇಯರ್ ಸಿಕ್ರ ಅದನ್ನೇ ಹಿಡಿ.

ಅಗ್ಗದ ಬ್ಲಾಸ್ಟರ್ ಕ್ಲೋನ್‌ಕಿಂತ (ಯುಎಸ್‌ಬಿ ಜೆಟ್ಯಾಗ್ ಅಡಾಪ್ಟರ್‌ದು ನಕಲು) ಎಫ್‌ಟಿಡಿಐ ಕಂಪನಿ ಚಿಪ್ ಇರೋ ಅಡಾಪ್ಟರ್ ಚಲೋ, ರೊಕ್ಕ ಜಾಸ್ತಿ ಆದ್ರೂ ತಗೊ. ಕೇಬಲ್ ಒಂದ್ ಗೇಣಿಗಿಂತ ಉದ್ದ ಬ್ಯಾಡ. ಮತ್ತ ನಮ್ ಕಡಿ ಬ್ಯಾಸಗಿ ಮಧ್ಯಾಹ್ನ ಕರೆಂಟ್ ಯಾವಾಗ ಹೋಗ್ತದ ಗ್ಯಾರಂಟಿ ಇಲ್ಲ, ಎರೇಸ್ ನಡುವ ಸಪ್ಲೈ ಹೋಗಬಾರ್ದು, ಬೋರ್ಡಿಗೂ ಬ್ಯಾಟರಿ ಸಪ್ಲೈ ಕೊಡು.

ಯಾದಗಿರಿಯವ್ರು ಕೆಳಗ ಎಸ್‌ಟಿಎಂ32 ಮೈಕ್ರೋಕಂಟ್ರೋಲರ್‌ಗೆ ಬಿನ್ ಫೈಲ್ ಹಾಕಿದ್ರ ಬೂಟ್ ಆಗವಲ್ದು ಅಂತ ಕೇಳ್ಯಾರ. ಬಿನ್‌ನ್ಯಾಗ ಅಡ್ರೆಸ್ ಇರಂಗಿಲ್ರಿ, 0x08000000 ಅಂತ ನೀವೇ ಕೊಡಬೇಕು. ಹೆಕ್ಸ್ ಫೈಲ್ ವಾಪ್ರಿಸ್ರಿ, ಅಡ್ರೆಸ್, ಚೆಕ್‌ಸಮ್ ಎರಡೂ ಅದ್ರಾಗೇ ಇರ್ತಾವ.

ತಮ್ಮಾ, ಹೊಸಾ ಫೈಲ್ ಓಡಿಸಿದ ಮ್ಯಾಲ ಲಾಗ್ ಟೆಕ್ಸ್ಟ್ ಮಾಡಿ ಹಾಕು, ಸ್ಕ್ರೀನ್ ಫೋಟೋ ಬ್ಯಾಡ, ಮೊಬೈಲ್‌ನ್ಯಾಗ ಅಕ್ಷರ ಕಾಣಂಗಿಲ್ಲ. ಎಸ್‌ವಿಎಫ್‌ದು ಮೊದಲ ಹತ್ತಿಪ್ಪತ್ತು ಲೈನೂ ಹಾಕು.