ಶಾಲೆಯ ಆ ಒಂದು ಪೀರಿಯಡ್ ಮಗಳಿಗಿರಲಿ

ಪ್ರಶ್ನೆ: ನಮ್ಮ ಮಗಳು ಎಂಟನೇ ಗ್ರೇಡಿನಲ್ಲಿದ್ದಾಳೆ. ಹೈಸ್ಕೂಲಿಗೆ ಎಲೆಕ್ಟಿವ್ (ಐಚ್ಛಿಕ ವಿಷಯ) ಆರಿಸುವ ಫಾರಂ ಬಂದಿದೆ. ಅವಳಿಗೆ ಸೆರಾಮಿಕ್ಸ್ ಬೇಕಂತೆ. ಮಣ್ಣು ಕಲಸಿದರೆ ಯಾವ ಕಾಲೇಜು ಸೇರಿಸಿಕೊಳ್ಳುತ್ತದೆ? ಕಂಪ್ಯೂಟರ್ ಸೈನ್ಸ್ ತಗೋ ಎಂದರೆ ಅಳುತ್ತಾಳೆ. ಏಳು ವರ್ಷದಿಂದ ಭರತನಾಟ್ಯ ಕಲಿಯುತ್ತಿದ್ದಾಳೆ, ಕಲೆಗೆ ಅದು ಸಾಲದೇ?
– ಓದುಗರೊಬ್ಬರು, ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಉತ್ತರ: ತಾಯಿ, ನಮ್ಮ ಕಾಲದಲ್ಲಿ ಇಂಥ ಪ್ರಶ್ನೆಯೇ ಇರಲಿಲ್ಲ ಅಲ್ವಾ? ಪಿಯುಸಿ ಅರ್ಜಿಯಲ್ಲಿ ಪಿಸಿಎಂಬಿ ಎಂದು ಬರೆದರೆ ಮುಗಿಯಿತು. ನಾಲ್ಕೂ ವಿಷಯ ಒಟ್ಟಿಗೇ ಬರುತ್ತಿದ್ದವು. ನಾವು ಆರಿಸಿ ಅಭ್ಯಾಸ ಇಲ್ಲದವರು. ಮಗು ಆರಿಸುತ್ತೇನೆ ಎಂದಾಗ ಭಯ ಆಗುತ್ತದೆ. ನಿಮ್ಮ ಭಯ ನನಗೆ ಅರ್ಥವಾಗುತ್ತದೆ.

ಮೊದಲು ಲೆಕ್ಕ ನೋಡೋಣ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ (ಯುಸಿ) ಮತ್ತು ಕ್ಯಾಲ್ ಸ್ಟೇಟ್ (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ), ಎರಡೂ ಕೇಳುವುದು 'ಎ-ಜಿ' ಪಟ್ಟಿಯ 15 ಕೋರ್ಸುಗಳನ್ನು. ಇಂಗ್ಲಿಷ್ 4 ವರ್ಷ, ಗಣಿತ 3, ಇತಿಹಾಸ 2, ವಿಜ್ಞಾನ 2, ಇಂಗ್ಲಿಷ್ ಅಲ್ಲದ ಭಾಷೆ 2, ಕಲೆ 1, ಎಲೆಕ್ಟಿವ್ 1. ಎಲ್ಲದರಲ್ಲೂ ಕನಿಷ್ಠ ಸಿ ಗ್ರೇಡ್ ಬೇಕು. ಇದರಲ್ಲಿ ಕಲೆಯ ಆ ಒಂದು ವರ್ಷವನ್ನು ಗಮನಿಸಿ. ಶಾಲೆಯ ಎ-ಜಿ ಪಟ್ಟಿಯಲ್ಲಿದ್ದರೆ ಸೆರಾಮಿಕ್ಸ್ ಅಲ್ಲೇ ಸೇರುತ್ತದೆ. ಹೇಗೂ ಮಾಡಲೇಬೇಕಾದದ್ದನ್ನೇ ನಿಮ್ಮ ಮಗಳು ಕೇಳುತ್ತಿದ್ದಾಳೆ.

ಹೊರಗಿನ ಭರತನಾಟ್ಯದ ಕ್ಲಾಸು ಈ ಲೆಕ್ಕಕ್ಕೆ ಬರುವುದಿಲ್ಲ. ಹಾಗಂತ ಏಳು ವರ್ಷ ಸುಮ್ನೆ ಹೋಯಿತು ಎಂದುಕೊಳ್ಳಬೇಡಿ. ಅರ್ಜಿಯಲ್ಲಿ ಚಟುವಟಿಕೆಗಳಿಗೇ ಬೇರೆ ಜಾಗ ಇದೆ. ಜೊತೆಗೆ ಯುಸಿಯವರು 8 ಪ್ರಶ್ನೆ ಕೊಟ್ಟು 4ಕ್ಕೆ ಉತ್ತರ ಬರೆಯಿರಿ ಎನ್ನುತ್ತಾರೆ, ಒಂದೊಂದಕ್ಕೂ ಹೆಚ್ಚೆಂದರೆ 350 ಪದ. ಅದರಲ್ಲೊಂದು, ನಿಮ್ಮ ಸೃಜನಶೀಲತೆ ಹೇಗೆ ಹೊರಬರುತ್ತದೆ ಎಂಬುದು. ಕಾಲಿಗೆ ಗೆಜ್ಜೆ ಕಟ್ಟಿದವಳಿಗೆ, ಕೈಗೆ ಮಣ್ಣು ಮೆತ್ತಿಕೊಂಡವಳಿಗೆ ಅಲ್ಲಿ ಹೇಳಲು ಏನಾದರೂ ಇರುತ್ತದೆ. ನನ್ನ ಅಣ್ಣನ ಮಗ ಕ್ಯಾಲಿಫೋರ್ನಿಯಾದಲ್ಲೇ ಹೈಸ್ಕೂಲು ಓದಿದ. ಎಲ್ಲ ಕೋರ್ಸನ್ನೂ ಮನೆಯವರೇ ಆರಿಸಿದ್ದರು. ಗ್ರೇಡುಗಳು ಚೆನ್ನಾಗಿದ್ದವು. ಆದರೆ ಆ ಉತ್ತರ ಬರೆಯಲು ಕೂತಾಗ ಹುಡುಗ ವಾರಗಟ್ಟಲೆ ಖಾಲಿ ಪರದೆ ನೋಡುತ್ತಿದ್ದ. ಫೋನಿನಲ್ಲಿ ಅವನು ಹೇಳಿದ್ದು ಇಷ್ಟೇ: 'ಚಿಕ್ಕಪ್ಪ, ನಂಗೆ ಏನಿಷ್ಟ ಅಂತ ನಂಗೇ ಗೊತ್ತಿಲ್ಲ.' ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಕಂಪ್ಯೂಟರ್ ಸೈನ್ಸ್ ಬೇಡ ಎನ್ನುತ್ತಿಲ್ಲ. ಮುಂದಿನ ವರ್ಷಗಳಲ್ಲೂ ತೆಗೆದುಕೊಳ್ಳಬಹುದು. ಯುಸಿ ಲೆಕ್ಕ ಹಾಕುವ ಜಿಪಿಎಗೆ, ಅಂದರೆ ಗ್ರೇಡುಗಳ ಸರಾಸರಿಗೆ, 10 ಮತ್ತು 11ನೇ ಗ್ರೇಡಿನ ಅಂಕಗಳೇ ಮುಖ್ಯ. ಒಂಬತ್ತನೆಯದು ಅದರಲ್ಲಿ ಸೇರುವುದಿಲ್ಲ, ಆದರೆ ಅವರ ಕಣ್ಣಿಗೆ ಬೀಳುತ್ತದೆ. ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ) ಕೋರ್ಸುಗಳಿಗೆ ಕೊಡುವ ಹೆಚ್ಚುವರಿ ಅಂಕಕ್ಕೂ ಅಲ್ಲಿ ಮಿತಿ ಇದೆ: 8 ಸೆಮಿಸ್ಟರ್, ಅಂದರೆ ವರ್ಷವಿಡೀ ನಡೆಯುವ ನಾಲ್ಕು ಕೋರ್ಸು. ಎಸ್‌ಎಟಿ ಪ್ರವೇಶ ಪರೀಕ್ಷೆಯ ಅಂಕವನ್ನಂತೂ ಯುಸಿ ಈಗ ನೋಡುವುದೇ ಇಲ್ಲ. ಹಾಗಾಗಿ ಶಾಲೆಯಲ್ಲಿ ಏನೇನು ಸಿಗುತ್ತಿತ್ತು, ಅದರಲ್ಲಿ ಮಗು ಏನು ತೆಗೆದುಕೊಂಡಿತು, ಹೇಗೆ ಓದಿತು ಎಂಬುದಕ್ಕೆ ತೂಕ ಜಾಸ್ತಿ.

ನೀವು ನಿಜವಾಗಿ ಗಮನ ಕೊಡಬೇಕಾದದ್ದು ಗಣಿತಕ್ಕೆ. ಅಲ್ಲಿ ಒಂದು ಮೆಟ್ಟಿಲು ಹತ್ತದೆ ಇನ್ನೊಂದು ಸಿಗುವುದಿಲ್ಲ. ಒಂಬತ್ತರಲ್ಲಿ ಆಲ್‌ಜೀಬ್ರಾ 1 ಇದ್ದರೆ ಜಿಯೊಮೆಟ್ರಿ, ಆಲ್‌ಜೀಬ್ರಾ 2, ಪ್ರೀಕ್ಯಾಲ್ಕುಲಸ್ ಮುಗಿಯುವಾಗ ಹನ್ನೆರಡು ಆಗಿಬಿಡುತ್ತದೆ. ಎಂಜಿನಿಯರಿಂಗ್ ಬೇಕೆನ್ನುವವರಿಗೆ ಕ್ಯಾಲ್ಕುಲಸ್ ತಲುಪುವುದು ಮುಖ್ಯ. ಅವಳು ಈಗ ಯಾವ ಮೆಟ್ಟಿಲಲ್ಲಿದ್ದಾಳೆ ಎಂದು ಕೌನ್ಸೆಲರ್ ಹತ್ತಿರ ಕೇಳಿ. ಸ್ಪ್ಯಾನಿಷ್ ಅಥವಾ ಫ್ರೆಂಚ್, ಯಾವುದಾದರೂ ಸರಿ, ಎರಡೇ ವರ್ಷಕ್ಕೆ ಬಿಡಿಸಬೇಡಿ. ಮೂರು ವರ್ಷ ಓದಿದರೆ ಒಳ್ಳೆಯದು ಎಂದು ಯುಸಿಯೇ ಹೇಳುತ್ತದೆ.

ಫಾರಂಗೆ ಸಹಿ ಹಾಕುವ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ಸೆರಾಮಿಕ್ಸ್ ವರ್ಷವಿಡೀ ಇದೆಯೋ, ಒಂದೇ ಸೆಮಿಸ್ಟರೋ? ಒಂದೇ ಆದರೆ ಇನ್ನೊಂದು ಸೆಮಿಸ್ಟರನ್ನು ಚಿತ್ರಕಲೆಯಂಥ ದೃಶ್ಯಕಲೆಯಲ್ಲೇ ತೆಗೆದುಕೊಳ್ಳಬೇಕು. ಅರ್ಧ ವರ್ಷ ಮಣ್ಣು, ಅರ್ಧ ವರ್ಷ ನಾಟಕ ಎಂದರೆ ಆ ಒಂದು ವರ್ಷ ತುಂಬುವುದಿಲ್ಲ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಶಾಲೆಯ ಪಟ್ಟಿ ನೋಡಿ, ಸಹಿ ಹಾಕಿ.